ಹದಿನೈದು ವರ್ಷದ ಸೊಪ್ಪು

ಶ್ರೀಪಾಲನಿಗೆ ನಾಲಿಗೆಯ ಎಡಗಡೆಯ ಅರ್ಧ ಇರಲಿಲ್ಲ. ಹಾಗಾಗಿ ಅವನು ಫೋನಿನಲ್ಲಿ ಹೇಳಿದ ಎರಡು ಶಬ್ದ ಧರ್ಣಪ್ಪನಿಗೆ ಅರ್ಥವಾಗಲು ಮೂರು ಸಲ ಬೇಕಾಯಿತು. ಪುಂಜಾಲಕಟ್ಟೆಯ ಬೀಡಿ ಬ್ರಾಂಚಿನಲ್ಲಿ ಆಗ ಶುಕ್ರವಾರದ ಸಾಲು. ಹೆಂಗಸರು ಸುತ್ತಿ ತಂದ ಬೀಡಿಯನ್ನು ಚೀಲದಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದರು. ಧರ್ಣಪ್ಪ ಒಂದು ಕಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವನು ಹಾಗೇ ಕೆಳಗಿಟ್ಟ.

"ಡಬ್ಬಿ ತಾ" ಎನ್ನುತ್ತಿದ್ದ ಶ್ರೀಪಾಲ.

ಅಷ್ಟರಲ್ಲಿ ಅವನ ಹೆಂಡತಿ ಕಮಲಾವತಿ ಫೋನು ಕಿತ್ತುಕೊಂಡಳು. "ಧರ್ಣಪ್ಪಣ್ಣ, ಅರ್ಥ ಆಯ್ತಲ್ಲ ನಿಮಗೆ?"

"ಆಯ್ತು ಕಮಲಕ್ಕ. ಆದ್ರೆ ಡಾಕ್ಟ್ರು..."

"ಡಾಕ್ಟ್ರು ಸೋಮವಾರ ಉಳಿದದ್ದನ್ನೂ ತೆಗೀತಾರೆ. ಆ ಕಡೆಗೂ ಹಬ್ಬಿದೆಯಂತೆ. ಮತ್ತೆ ಬಾಯಿಯಿಂದ ಊಟ ಇಲ್ಲ, ರುಚಿ ಇಲ್ಲ, ಹೊಟ್ಟೆಗೆ ಟ್ಯೂಬು. ಏನು ಬೇಕು ಹೇಳಿ, ಮಾಡಿಕೊಡ್ತೇನೆ ಅಂದೆ. ಹೆಸರುಬೇಳೆ ಪಾಯಸ ಮಾಡಿದೆ, ಚಮಚ ಮುಟ್ಟಲಿಲ್ಲ. ಅವರಿಗೆ ಅದೇ ಬೇಕಂತೆ, ನಿಮ್ಮ ಗೋಡೌನಿನಲ್ಲಿ ಇಟ್ಟದ್ದು. ಭಾನುವಾರ ತನ್ನಿ. ಮನೆ ಒಳಗೆ ಬೇಡ. ಗೇಟಿನ ಹತ್ತಿರ ಕುರ್ಚಿ ಹಾಕಿ ಕೊಡ್ತೇನೆ."

ಇಪ್ಪತ್ತೆಂಟು ವರ್ಷ ಹೊಗೆಸೊಪ್ಪಿನ ಒಂದು ಎಳೆಯನ್ನೂ ಹೊಸ್ತಿಲು ದಾಟಲು ಬಿಡದ ಹೆಂಗಸು ಅವಳು. ಮೂಡುಬಿದಿರೆಯಲ್ಲಿ ಅವರ ಮನೆಯ ಎದುರೇ ಬಸದಿಯ ಗೋಡೆ. ದಿನಾ ಬೆಳಿಗ್ಗೆ ಮಡಿಯುಟ್ಟು ಅಲ್ಲಿಗೆ ಹೂವು ಒಯ್ಯುವವಳು. ಶ್ರೀಪಾಲನ ಡಬ್ಬಿಗಳು ಮನೆಯಲ್ಲಿರದೆ ಧರ್ಣಪ್ಪನ ಬ್ರಾಂಚಿನಲ್ಲಿ ಇದ್ದದ್ದು ಅದಕ್ಕೇ.

ಅವರಿಬ್ಬರೂ ಸಿದ್ಧಕಟ್ಟೆಯ ಶಾಲೆಯಲ್ಲಿ ಒಂದೇ ಬೆಂಚಿನವರು. ಒಬ್ಬ ಬೀಡಿಗೆ ಹೋದ, ಇನ್ನೊಬ್ಬ ಹಡಗಿಗೆ. ಹಡಗಿನ ಎಂಜಿನ್ ರೂಮಿನಲ್ಲಿ ಶ್ರೀಪಾಲ ಫಿಟ್ಟರ್. ಹೊರಡುವ ದಿನ ಅವನ ಅಮ್ಮ ಬಸದಿಯಲ್ಲಿ ನಿಲ್ಲಿಸಿ ಮದ್ಯ, ಮಾಂಸ, ಜೇನು ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದ್ದಳು. ಹೊಗೆಸೊಪ್ಪು ಅವಳಿಗೆ ನೆನಪಾಗಿರಲಿಲ್ಲ. ಪೈಪು ಸೇದಲು ಅವನಿಗೆ ಕಲಿಸಿದ್ದು ಡೆನ್ಮಾರ್ಕಿನ ಒಬ್ಬ ಮುದಿ ಎಂಜಿನಿಯರ್. ಎರಡು ಸಾವಿರದ ಒಂಬತ್ತರಲ್ಲಿ ಹಡಗಿನ ಕೆಲಸ ಬಿಟ್ಟು ಬರುವಾಗ ಶ್ರೀಪಾಲ ಆರು ಡಬ್ಬಿ ತಂದ. ವರ್ಜೀನಿಯಾ ಎಂಬ ಸಿಹಿ ಸೊಪ್ಪು, ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಕೆಂಟಕಿ ಎಂಬ ಖಾರದ ಸೊಪ್ಪು. ಎರಡನ್ನೂ ಸೇರಿಸಿ, ಒಂದಿಷ್ಟು ರಮ್ ಸೋಕಿಸಿ, ಇಟ್ಟಿಗೆಯ ಹಾಗೆ ಒತ್ತಿ, ತೆಳು ಪಟ್ಟಿಗಳಾಗಿ ಕೊಯ್ದದ್ದು.

"ಇದನ್ನು ಇಡಬೇಕು," ಎಂದಿದ್ದ. "ಕತ್ತಲೆಯಲ್ಲಿ, ಗಾಳಿ ತಾಗದೆ. ಇಟ್ಟಷ್ಟೂ ಒಳಗೇ ಹಣ್ಣಾಗ್ತದೆ."

"ಹೊಗೆಸೊಪ್ಪು ಹಣ್ಣಾಗುವುದಾ? ಹಡಗಿನಲ್ಲಿ ತಲೆಗೆ ಏನಾದರೂ ಬಿದ್ದಿತಾ ಮಾರಾಯ?"

ಮೊದಲ ಡಬ್ಬಿಯನ್ನು ಒಂದು ವರ್ಷಕ್ಕೆ ತೆರೆದ. ಆಮೇಲೆ ಮೂರಕ್ಕೆ, ಐದಕ್ಕೆ, ಏಳಕ್ಕೆ, ಹತ್ತಕ್ಕೆ. ಪ್ರತಿ ಸಲವೂ ಡಬ್ಬಿಯನ್ನು ಮೂಡುಬಿದಿರೆಗೆ ಒಯ್ದು, ಎರಡು ದಿನ ಮನೆಯ ಹೊರಗೆ ಒಬ್ಬನೇ ಅದರ ಜೊತೆ ಕೂತು, ಮೂರನೆಯ ದಿನ ಉಜ್ಜಿ ತುಂಬಿಸಿದ ಪೈಪಿನೊಂದಿಗೆ ಬ್ರಾಂಚಿನ ಹಿಂದಿನ ಮೆಟ್ಟಿಲಿಗೆ ಬರುತ್ತಿದ್ದ. ಒಂದನೇ ವರ್ಷದ ಸೊಪ್ಪಿನಲ್ಲಿ ರಮ್ ಬೇರೆ, ಸೊಪ್ಪು ಬೇರೆ, ಬಸ್ಸಿನ ಒಂದೇ ಸೀಟಿನಲ್ಲಿ ಮುಖ ತಿರುಗಿಸಿ ಕೂತ ಗಂಡ ಹೆಂಡಿರ ಹಾಗೆ ಎಂದಿದ್ದ. ಐದನೇ ವರ್ಷದ್ದರಲ್ಲಿ ರಮ್ ಹಿಂದೆ ಸರಿದು ಒಣದ್ರಾಕ್ಷಿ ಬಂದಿತ್ತಂತೆ. ಹತ್ತನೆಯದರಲ್ಲಿ ಕೆಂಟಕಿಯ ಖಾರವೂ ಇಳಿದು, ಬೆಲ್ಲ ಕುದಿಸಿದ ಕೊಪ್ಪರಿಗೆಯ ಅಂಚು ಕೆರೆದು ತಿಂದ ಹಾಗೆ ಇತ್ತಂತೆ. ಧರ್ಣಪ್ಪನೂ ಎರಡು ದಮ್ಮು ಎಳೆಯುತ್ತಿದ್ದ.

"ನನಗೆ ಎಲ್ಲ ಒಂದೇ. ಹೊಗೆ."

"ನಿನ್ನದು ನಾಲಿಗೆಯಾ, ಚಪ್ಪಲಿಯ ಅಟ್ಟೆಯಾ?"

"ಇರಲಿ. ರಮ್ ಹಾಕಿದ್ದು ಅಂತೀಯಲ್ಲ, ನಿನ್ನ ಅಮ್ಮನ ಆಣೆ ಏನಾಯ್ತು?"

"ಕುಡಿದದ್ದು ಸೊಪ್ಪು. ನಾನಲ್ಲ."

ಕೊನೆಯ ಡಬ್ಬಿಯನ್ನು ಹದಿನೈದು ವರ್ಷಕ್ಕೆ ಮೊದಲು ಮುಟ್ಟಬಾರದು ಎಂದು ಹೇಳಿ ಹೋಗಿದ್ದ. ಹದಿಮೂರೂವರೆಗೆ ನಾಲಿಗೆಯ ಬದಿಯಲ್ಲಿ ಹುಣ್ಣು ಕಂಡಿತು. ಹದಿನಾಲ್ಕಕ್ಕೆ ಮಂಗಳೂರಿನಲ್ಲಿ ಅರ್ಧ ಕೊಯ್ದರು. ಅಂದಿನಿಂದ ಪೈಪು ಮುಟ್ಟಿರಲಿಲ್ಲ. ಈಗ ಹದಿನೈದು ತುಂಬಿ ಇಪ್ಪತ್ತು ದಿನ.

ಶುಕ್ರವಾರ ಸಂಜೆ ಹೆಂಗಸರೆಲ್ಲ ಹೋದ ಮೇಲೆ ಧರ್ಣಪ್ಪ ಗೋಡೌನಿನ ಮೂಲೆಯ ಡ್ರಮ್ಮಿನಿಂದ ಡಬ್ಬಿ ತೆಗೆದ. ಹಿಂದಿನ ಐದನ್ನೂ ಶ್ರೀಪಾಲನೇ ಬಂದು ಮುಚ್ಚಿದ ಹಾಗೇ ಒಯ್ದಿದ್ದ. ಇದನ್ನೂ ತೆರೆಯದೆ ಕೊಡಬಹುದಿತ್ತು. ಆದರೆ ಮೂವತ್ತೊಂದು ವರ್ಷದಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಚೀಲ ಹೊಗೆಸೊಪ್ಪು ಆ ಬಾಗಿಲಿನಿಂದ ಹೊರಗೆ ಹೋದದ್ದಿಲ್ಲ. ಚೆಕ್ ಮಾಡದೆ ಕೊಡುವುದು ಅವನಿಗೆ ಗೊತ್ತಿರಲಿಲ್ಲ. ಆಪರೇಷನಿಗೆ ಹೊರಟವನಿಗೆ ಕೊಡುವುದಾದರೆ ಇನ್ನೂ ಜಾಗ್ರತೆ ಬೇಕು ಅನಿಸಿತು. ಮುಚ್ಚಳದ ಸಂದಿಗೆ ನಾಣ್ಯ ಕೊಟ್ಟು ತಿರುಗಿಸಿದ. ಉಸ್ಸೆಂದು ಗಾಳಿ ಹೋಯಿತು.

ಕಪ್ಪಗಿನ ಪಟ್ಟಿಗಳು ಒಂದರ ಮೇಲೊಂದು. ಎಲ್ಲದರ ಮೇಲೂ ಬಿಳಿ. ಅಂಚಿನಿಂದ ಅಂಚಿಗೆ, ಸಣ್ಣ ಸಣ್ಣ ಹರಳಾಗಿ. ಬೆರಳಿಟ್ಟರೆ ಸೊಪ್ಪು ಅಂಟುತ್ತಿತ್ತು. ಹಳೆಯ ಉಪ್ಪಿನಕಾಯಿ ಭರಣಿ ತೆರೆದ ಹಾಗೆ ಹುಳಿ ವಾಸನೆ.

"ಬೂಸ್ಟು" ಎಂದ ಗಟ್ಟಿಯಾಗಿ, ಅಲ್ಲಿ ಯಾರೂ ಇಲ್ಲದಿದ್ದರೂ.

ಹದಿನೈದು ವರ್ಷ ತನ್ನ ಗೋಡೌನಿನಲ್ಲಿ ಇಟ್ಟದ್ದು. ಈ ಊರಿನಲ್ಲಿ ಮಳೆಗಾಲ ಅಂದರೆ ಚಪ್ಪಲಿಗೆ, ಬೆಲ್ಟಿಗೆ, ದೇವರ ಫೋಟೋದ ಹಿಂದೆ, ಎಲ್ಲ ಕಡೆ ಅದೇ ಬಿಳಿ. ಬೀಡಿಯ ಹುಡಿಯಲ್ಲಿ ಒಂದು ಚುಕ್ಕೆ ಕಂಡರೂ ಕಂಪನಿ ಇಡೀ ಚೀಲ ಹಿಂದೆ ಕಳಿಸುತ್ತದೆ. ಅದಕ್ಕೆ ಮದ್ದೂ ಅವನಿಗೆ ಗೊತ್ತಿತ್ತು: ಒರೆಸು, ಬಿಸಿಲಿಗೆ ಹಾಕು, ಜರಡಿ ಹಿಡಿ. ಶ್ರೀಪಾಲನಿಗೊಂದು ಫೋನು ಮಾಡಿ ಕೇಳುವ ಎಂದು ಒಮ್ಮೆ ಫೋನು ಕೈಗೆ ತೆಗೆದುಕೊಂಡ. ಸೋಮವಾರ ನಾಲಿಗೆ ಕೊಯ್ಯಿಸಿಕೊಳ್ಳುವವನಿಗೆ ನಿನ್ನ ಸೊಪ್ಪು ಹಾಳಾಗಿದೆ ಎಂದು ಹೇಳುವುದು ಹೇಗೆ? ಫೋನು ಕಿಸೆಗೆ ಹಾಕಿದ.

ಶನಿವಾರ ಒಳ್ಳೆಯ ಬಿಸಿಲಿತ್ತು. ಒಗೆದ ಪಂಚೆಯ ತುಂಡು ಹಿಡಿದು ತಾರಸಿಯಲ್ಲಿ ಕೂತು ಒಂದೊಂದೇ ಪಟ್ಟಿಯನ್ನು ಎರಡೂ ಮಗ್ಗುಲು ಒರೆಸಿದ. ಗೆರಸೆಯಲ್ಲಿ ಹರಡಿ ಹತ್ತರಿಂದ ಎರಡು ಗಂಟೆಯವರೆಗೆ ಕಾಗೆ ಬಾರದಂತೆ ಕಾದ. ಸೊಪ್ಪು ಗರಿಗರಿಯಾಯಿತು. ಅಂಗೈಯಲ್ಲಿ ಉಜ್ಜಿ, ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನು ಊದಿ ಚೆಲ್ಲಿದ. ನೋಡಲು ಚೊಕ್ಕ ಇತ್ತು. ಆದರೆ ಮೂಸಿದರೆ ಒಣ ಹುಲ್ಲಿನ ವಾಸನೆ. ರಮ್ಮಿನ ಸುಳಿವೇ ಇಲ್ಲ.

ಅದಕ್ಕೂ ದಾರಿ ಇತ್ತು. ಪೇಟೆಯ ವೈನ್ ಶಾಪಿನ ಕೌಂಟರಿನಲ್ಲಿದ್ದ ಡೊಂಬಯ್ಯ ಅವನನ್ನು ಕಂಡು ಕಣ್ಣರಳಿಸಿದ.

"ಏನು ಧರ್ಣಪ್ಪಣ್ಣ, ಈ ಪ್ರಾಯದಲ್ಲಿ ನಿಮಗೂ ಶುರುವಾಯ್ತಾ?"

"ನನಗಲ್ಲ ಮಾರಾಯ, ಸೊಪ್ಪಿಗೆ. ಒಂದು ಕ್ವಾರ್ಟರ್ ರಮ್ ಕೊಡು."

"ಯಾವುದು?"

"ರಮ್ಮಿನಲ್ಲಿ ಜಾತಿ ಉಂಟಾ? ವಾಸನೆ ಜೋರು ಇರುವುದು ಕೊಡು."

ಒಣಗಿದ ಬೀಡಿ ಎಲೆಗೆ ನೀರು ಚಿಮುಕಿಸುವ ಹಾಗೆ ಬೆರಳ ತುದಿಯಿಂದ ರಮ್ ಚಿಮುಕಿಸಿ, ಕೈಯಾಡಿಸಿ, ಡಬ್ಬಿಗೆ ತುಂಬಿಸಿ ಮುಚ್ಚಳ ಒತ್ತಿದ. ಈಗ ಡಬ್ಬಿ ಘಮ್ಮೆನ್ನುತ್ತಿತ್ತು. ಅವನಿಗೆ ಸಮಾಧಾನವಾಯಿತು. ಕಳೆದ ಒಂದು ವರ್ಷದಲ್ಲಿ ಶ್ರೀಪಾಲನಿಗಾಗಿ ತಾನು ಮಾಡಿದ ಕೆಲಸವೆಂದರೆ ಇದೊಂದೇ ಅನಿಸಿತು.

ಭಾನುವಾರ ಹತ್ತು ಗಂಟೆಗೆ ಅವನ ಸ್ಕೂಟರ್ ಬಂದಾಗ ಗೇಟಿನ ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ಶ್ರೀಪಾಲ ಆಗಲೇ ಕೂತಿದ್ದ. ಇಸ್ತ್ರಿ ಹಾಕಿದ ಅಂಗಿ, ಬೋಳಿಸಿದ ಗಡ್ಡ. ಎಡಗೆನ್ನೆ ಒಳಕ್ಕೆ ಕುಸಿದಿತ್ತು. ತೊಡೆಯ ಮೇಲೆ ಜೊಲ್ಲು ಒರೆಸುವ ಟವೆಲು, ಅದರ ಮೇಲೆ ಪೈಪು.

"ಶುಕ್ರವಾರದಿಂದ ಬರೀ ಗಂಜಿ ತಿಳಿ, ಉಪ್ಪೂ ಬೇಡವಂತೆ," ಎಂದಳು ಕಮಲಾವತಿ. "ನಾಲಿಗೆ ಚೊಕ್ಕ ಇರಬೇಕಂತೆ ಇದಕ್ಕೆ. ಬಲಗಡೆಯ ತುದಿಯಲ್ಲಿ ಸಿಹಿ ಇನ್ನೂ ಗೊತ್ತಾಗ್ತದಂತೆ. ನನ್ನ ಪಾಯಸಕ್ಕೆ ಇಲ್ಲದ ಉಪವಾಸ." ಅವಳು ನಗಲು ನೋಡಿ, ಆಗದೆ, ಒಳಗೆ ಹೋಗಿ ಕಿಟಕಿಯ ಹಿಂದೆ ನಿಂತಳು.

ಧರ್ಣಪ್ಪ ಡಬ್ಬಿ ಕೊಟ್ಟ. ಶ್ರೀಪಾಲ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮುಚ್ಚಳ ಸುಲಭವಾಗಿ ಬಂದಾಗಲೇ ಅವನ ಕೈ ನಿಂತಿತು. ಒಳಗೆ ನೋಡಿದ.

"ಪಟ್ಟಿ?" ಎಂದ. ಅವನ ಮಾತಿನಲ್ಲಿ ಅರ್ಧ ಅಕ್ಷರಗಳು ಗಾಳಿಯಾಗಿಯೇ ಹೊರಬರುತ್ತಿದ್ದವು. ಧರ್ಣಪ್ಪ ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

"ಹುಡಿ ಮಾಡಿದೆ. ನಿನಗೆ ಉಜ್ಜುವ ಕೆಲಸ ಬೇಡ ಅಂತ."

ಶ್ರೀಪಾಲ ಡಬ್ಬಿಯನ್ನು ಮೂಗಿನ ಹತ್ತಿರ ತಂದು ದೂರ ಮಾಡಿದ. "ರಮ್ ಹಾಕಿದ್ದು ಯಾರು?"

"ನಾನೇ. ವಾಸನೆ ಪೂರ್ತಿ ಹೋಗಿತ್ತು."

"ಬಿಳಿ ಇತ್ತಾ?"

"ಇತ್ತು ಮಾರಾಯ!" ಧರ್ಣಪ್ಪ ಕುರ್ಚಿಯ ತುದಿಗೆ ಬಂದ. "ಒಂದು ಪಟ್ಟಿ ಬಿಡದೆ ಹಿಡಿದಿತ್ತು. ನಿನಗೆ ಹೇಳಿದರೆ ಬೇಜಾರಾಗ್ತದೆ ಅಂತ ಹೇಳಲಿಲ್ಲ. ಎಲ್ಲ ಒರೆಸಿದ್ದೇನೆ, ನಾಲ್ಕು ಗಂಟೆ ಬಿಸಿಲು ಕೊಟ್ಟಿದ್ದೇನೆ. ಈಗ ಒಂದು ಚುಕ್ಕೆ ಬೂಸ್ಟು ತೋರಿಸು ನೋಡುವ."

ಶ್ರೀಪಾಲ ಟವೆಲಿನಿಂದ ಬಾಯಿ ಒರೆಸಿಕೊಂಡ. ಆಮೇಲೆ ನಿಧಾನವಾಗಿ, ನಡುನಡುವೆ ಉಗುಳು ನುಂಗಲು ನಿಂತು ಹೇಳಿದ. "ಬೂಸ್ಟಲ್ಲ. ಸಕ್ಕರೆ. ಸೊಪ್ಪಿನದ್ದೇ ಸಕ್ಕರೆ, ಹಣ್ಣಾದ ಮೇಲೆ ಒಳಗಿನಿಂದ ಮೇಲೆ ಬರ್ತದೆ. ಹತ್ತನೇ ವರ್ಷದ್ದಕ್ಕೆ ಬಂದಿರಲಿಲ್ಲ. ಅದಕ್ಕೇ ಇದನ್ನು ಇಟ್ಟದ್ದು."

ಎದುರಿನ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಧರ್ಣಪ್ಪನಿಗೆ ಮೊದಲು ಬಂದದ್ದು ಸಿಟ್ಟು.

"ನೀನು ಹೇಳಬೇಕಿತ್ತು. ಹದಿನೈದು ವರ್ಷದಲ್ಲಿ ಒಂದು ದಿನ ಹೇಳಿದ್ದೀಯಾ, ಬಿಳಿ ಬರ್ತದೆ ಅಂತ?"

"ಇಡು ಅಂತ ಹೇಳಿದ್ದೆ," ಎಂದ ಶ್ರೀಪಾಲ.

ಅವನು ಪೈಪು ತುಂಬಿಸಿದ. ಯಾಕೆಂದು ಧರ್ಣಪ್ಪನಿಗೆ ತಿಳಿಯಲಿಲ್ಲ. ಬೆಂಕಿ ಕಡ್ಡಿ ತಾಗಿದ್ದೇ ತಡ, ಒಣಸೊಪ್ಪು ಬಡಬಡನೆ ಹತ್ತಿಕೊಂಡಿತು. ಬಾಯಿಯ ಎಡಮೂಲೆ ಸರಿಯಾಗಿ ಮುಚ್ಚುತ್ತಿರಲಿಲ್ಲ, ಎಳೆದ ಹೊಗೆ ಅಲ್ಲಿಂದಲೇ ಸೋರಿ ಕಿವಿಯ ಕಡೆ ಹೋಯಿತು. ಶ್ರೀಪಾಲ ಆ ಮೂಲೆಗೆ ಬೆರಳು ಒತ್ತಿ ಹಿಡಿದು ಮತ್ತೆ ಎಳೆದ. ಕಣ್ಣು ಮುಚ್ಚಿ ಹೊಗೆಯನ್ನು ಬಲಗಡೆಗೆ ತಂದು ನಿಲ್ಲಿಸಿದ. ಮೂರನೇ ದಮ್ಮಿಗೆ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಇಳಿಯಿತು.

ಕಮಲಾವತಿ ನೀರಿನ ಚೊಂಬು ಹಿಡಿದು ಓಡಿ ಬಂದಳು. ಹೊಗೆ ಅವಳ ಮುಖಕ್ಕೆ ಬಡಿದರೂ ಹಿಂದೆ ಸರಿಯಲಿಲ್ಲ. "ಹೇಗುಂಟು? ಸಿಕ್ಕಿತಾ ನಿಮಗೆ ರುಚಿ?"

ಶ್ರೀಪಾಲ ಅವಳನ್ನು ನೋಡಿದ. ಆಮೇಲೆ ತಲೆಯಾಡಿಸಿದ. ಹೆಬ್ಬೆರಳು ತೋರುಬೆರಳು ಸೇರಿಸಿ, ಅಡುಗೆ ಮೆಚ್ಚಿದವರು ತೋರಿಸುವ ಹಾಗೆ ಎತ್ತಿ ತೋರಿಸಿದ. ಅವಳು ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು.

"ನಿಜವಾಗಿ ಹೇಳು," ಎಂದ ಧರ್ಣಪ್ಪ ತಗ್ಗಿದ ದನಿಯಲ್ಲಿ. "ಸ್ವಲ್ಪವಾದರೂ?"

"ಬಿಸಿ," ಎಂದ ಶ್ರೀಪಾಲ. "ಬಿಸಿ ಮಾತ್ರ."

ಪೈಪನ್ನು ಗೇಟಿನ ಕಂಬಕ್ಕೆ ಬಡಿದು ಖಾಲಿ ಮಾಡಿದ. ಡಬ್ಬಿಯ ಮುಚ್ಚಳ ಹಾಕಿ ಧರ್ಣಪ್ಪನ ಕೈಗೆ ಕೊಟ್ಟ. "ಬೀಡಿಗೆ ಸೇರಿಸು. ಆಗ್ತದೆ." ಅದರಲ್ಲಿ ಕುಹಕ ಇತ್ತೋ ಇಲ್ಲವೋ ಧರ್ಣಪ್ಪನಿಗೆ ಗೊತ್ತಾಗಲಿಲ್ಲ. ನಾಲಿಗೆ ಅರ್ಧ ಇಲ್ಲದವನ ದನಿಯಲ್ಲಿ ಅಂಥದ್ದು ಉಳಿದಿರುವುದಿಲ್ಲ. ಇಬ್ಬರೂ ಇನ್ನೂ ಅರ್ಧ ಗಂಟೆ ಕೂತಿದ್ದರು. ಶ್ರೀಪಾಲ ಮತ್ತೆ ಮಾತಾಡಲಿಲ್ಲ. ಅವನು ಮಾತಾಡಬಹುದಾಗಿದ್ದ ಕೊನೆಯ ದಿನ ಅದು ಎಂದು ಧರ್ಣಪ್ಪನಿಗೆ ಹೊಳೆದದ್ದು ಸ್ಕೂಟರ್ ಸಿದ್ಧಕಟ್ಟೆ ದಾಟಿದ ಮೇಲೆ.

ಮಂಗಳವಾರ ಮಧ್ಯಾಹ್ನ ಕಮಲಾವತಿಯ ಫೋನು ಬಂತು. ಬ್ರಾಂಚಿನ ಸಾಲಿನಲ್ಲಿ ಆರೇಳು ಹೆಂಗಸರಿದ್ದರು. ಧರ್ಣಪ್ಪ ಎದ್ದು ಹಿಂದಿನ ಮೆಟ್ಟಿಲಿಗೆ ಹೋದ.

"ಒಂಬತ್ತು ಗಂಟೆ ಹಿಡಿಯಿತು ಧರ್ಣಪ್ಪಣ್ಣ. ಜೀವಕ್ಕೆ ತೊಂದರೆ ಇಲ್ಲವಂತೆ. ಒಳಗೆ ಹೋಗುವ ಮೊದಲು ಒಂದು ಚೀಟಿ ಬರೆದು ಕೊಟ್ಟಿದ್ದರು ನನಗೆ. ಧರ್ಣಪ್ಪ ಒಳ್ಳೆದು ಮಾಡಿದ, ರುಚಿ ಹಾಗೇ ಉಂಟು ಬಾಯಲ್ಲಿ ಅಂತ. ನಿಮ್ಮ ಉಪಕಾರ ನಾನು ಮರೆಯುವುದಿಲ್ಲ."

ಧರ್ಣಪ್ಪ ಮೆಟ್ಟಿಲ ಮೇಲೆ ಕೂತ. "ಏನೇನು ತೆಗೆದರು ಅಕ್ಕ?"

"ನಿಲ್ಲಿ, ನರ್ಸ್ ಬರೆದುಕೊಟ್ಟಿದ್ದಾಳೆ." ಕಾಗದ ಬಿಡಿಸುವ ಸದ್ದು ಕೇಳಿಸಿತು. ಆಮೇಲೆ ಅವಳು ಶಾಲೆಯ ಮಕ್ಕಳು ಓದುವ ಹಾಗೆ, ಒಂದೊಂದೇ ಬಿಡಿಸಿ ಓದಿದಳು. ಉಳಿದಿದ್ದ ನಾಲಿಗೆ ಪೂರ್ತಿ. ಕೆಳಗಿನ ಹಲ್ಲು ಆರು. ಕುತ್ತಿಗೆಯ ಬಲಗಡೆಯ ಗಂಟು ಹತ್ತೊಂಬತ್ತು.