ಹಲಗೆಯ ಅಂಚು

"ಫೌಲ್ ಅಲ್ಲ ಅಂದ್ರೆ ಅಲ್ಲ!" ಎಂದು ಕ್ಷೌರದಂಗಡಿಯ ನೆಮೆಸಿಯೊ ಗುದ್ದಿದ್ದು ಮೇಜಿಗಲ್ಲ, ಶವಪೆಟ್ಟಿಗೆಗೆ. ಮೇಲಿದ್ದ ಹೂಮಾಲೆ ಜಾರಿ ಓರೆಯಾಯಿತು. ಆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವನು ಒಳಗೆ ಮಲಗಿದ್ದ ಎವೇಲಿಯೊ ಒಬ್ಬನೇ.

"ಮೆಲ್ಲಗೆ ಮಾರಾಯ, ಎಬ್ಬಿಸಿಬಿಟ್ಟೀಯ," ಎಂದಳು ಎವೇಲಿಯೊನ ಹೆಂಡತಿ ಸೊರೈದಾ, ಪುಟ್ಟ ಬಟ್ಟಲುಗಳಲ್ಲಿ ಕಾಫಿ ಹಂಚುತ್ತ. "ಎದ್ರೆ ಮೊದ್ಲು ಮಂಡಿಗೆ ಎಣ್ಣೆ ತಿಕ್ಕು ಅಂತಾನೆ." ಅತ್ತೂ ಅತ್ತೂ ಅವಳ ಕಣ್ಣು ಊದಿಕೊಂಡಿತ್ತು. ನಾಲಗೆ ಮಾತ್ರ ಸೋತಿರಲಿಲ್ಲ.

ಹತಿಬೊನಿಕೊ ಊರಿಗೆ ಊರೇ ಅಂತಿಮ ದರ್ಶನದ ಮನೆಯಲ್ಲಿ ಸೇರಿತ್ತು. ತೂಗುಕುರ್ಚಿ ಸಿಕ್ಕವರು ತೂಗಿಕೊಂಡು, ಸಿಗದವರು ನಿಂತುಕೊಂಡು, ಬೆಳಗಿನಿಂದ ಒಂದೇ ಜಗಳ ಆಡುತ್ತಿದ್ದರು. ಎಲ್ಲರ ಕಣ್ಣೂ ಮೂಲೆಯಲ್ಲಿ ಕೂತ ಅಬುಂದಿಯೊನ ಮೇಲೆ. ಎಷ್ಟೋ ವರ್ಷಗಳ ಹಿಂದೆ ಸಾಂತಿಯಾಗೊ ಕ್ರೀಡಾಂಗಣದಲ್ಲಿ ಎವೇಲಿಯೊನ ಎಲ್ಲಕ್ಕಿಂತ ದೊಡ್ಡ ಜಿಗಿತಕ್ಕೆ ಕೆಂಪು ಬಾವುಟ ಎತ್ತಿದ ತೀರ್ಪುಗಾರ ಇವನೇ. ಆ ಹಳೆಯ ಬಾವುಟಗಳು, ಫೌಲಿಗೆ ಕೆಂಪು, ಸರಿಯಾದ ಜಿಗಿತಕ್ಕೆ ಬಿಳಿ, ಈಗಲೂ ಅವನ ಕಂಕುಳಲ್ಲಿದ್ದವು. ಗೆಳೆಯನ ಕೊನೆಯ ಯಾತ್ರೆಗೆ ಬರಿಗೈಯಲ್ಲಿ ಬರಲು ಅವನಿಗೆ ಮನಸ್ಸಾಗಿರಲಿಲ್ಲ.

"ಹೆಣದ ಮುಂದೆ ಸುಳ್ಳು ಹೇಳಬೇಡ ಅಬುಂದಿಯೊ. ಹಾರೋವಾಗ ಕಾಲು ಹಲಗೆ ದಾಟಿತ್ತಾ?" ಎಂದ ನೆಮೆಸಿಯೊ.

"ದಾಟಿತ್ತು."

"ಎಷ್ಟು ದಾಟಿತ್ತು?"

"ನನ್ನ ಕಣ್ಣಿಗೆ ಕಾಣೋವಷ್ಟು."

ಕೋಣೆ ಹೋ ಎಂದಿತು. "ಆ ಕೆಂಪು ಚಿಂದೀನ ಒಲೆಗೆ ಹಾಕೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಸೊರೈದಾ ಕಾಫಿ ತಟ್ಟೆ ಕೆಳಗಿಟ್ಟಳು. "ಎಲ್ಲಾ ಕೇಳಿ. ಸಮಾಧಿ ಹತ್ರ ಬೀಳ್ಕೊಡುಗೆ ಮಾತಾಡೋನು ಇವನೇ. ಎವೇಲಿಯೊ ಬಾಯಿಬಿಟ್ಟು ಹೇಳಿ ಹೋಗಿದ್ದಾನೆ."

ಪೆಟ್ಟಿಗೆ ಇಳಿಸುವ ಮೊದಲು ಮನೆಯವರ ಪರವಾಗಿ ಒಬ್ಬ ಮಾತಾಡಬೇಕು, ಉಳಿದವರು ಕೇಳಬೇಕು. ಅಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನೆಮೆಸಿಯೊನ ಮುಖ ಕಪ್ಪಿಟ್ಟಿತು. "ಇವನಾ? ಆ ಜಿಗಿತ ವಾಪಸ್ ಕೊಟ್ರೆ ಕೇಳ್ತೀವಿ. ಇಲ್ಲಾಂದ್ರೆ ಬೆನ್ನು ತಿರುಗಿಸಿ ಹೊರಟುಹೋಗ್ತೀವಿ, ನೋಡ್ತಾ ಇರು."

ಅಬುಂದಿಯೊ ಬಾವುಟಗಳನ್ನು ಅವುಚಿಕೊಂಡ. ಸುಮ್ಮನಿರುವ ಜನರನ್ನು ಕಂಡರೆ ಎವೇಲಿಯೊಗೆ ಆಗುತ್ತಿರಲಿಲ್ಲ. ಅಂಥವನನ್ನು ಖಾಲಿ ಸ್ಮಶಾನದಲ್ಲಿ ಇಳಿಸುವುದೇ? ಸೊರೈದಾ ಪಕ್ಕದಲ್ಲಿ ಬಂದು ಕೂತಳು. "ಫೌಲ್ ಅಲ್ಲ ಅಂತ ಒಂದು ಮಾತು ಹೇಳಿಬಿಡೋ," ಎಂದಳು ಮೆಲ್ಲಗೆ. "ಯಾರಿಗೇನು ನಷ್ಟ?"

•

ಎವೇಲಿಯೊ ಕಬ್ಬು ಕಡಿಯುವವನ ಮಗ. ಸಕ್ಕರೆ ಗಿರಣಿಯ ರೈಲುಹಳಿಯ ಮರದ ದಿಮ್ಮಿಗಳ ಮೇಲೆ ಬರಿಗಾಲಲ್ಲಿ ಕುಪ್ಪಳಿಸಿ, ಹೆಜ್ಜೆಯಿಟ್ಟು, ಹಾರುತ್ತ ತ್ರಿವಿಧ ಜಿಗಿತ ಕಲಿತವನು. ಹವಾನಾದಲ್ಲಿ ಒಂದೇ ಮಧ್ಯಾಹ್ನ ಉದ್ದಜಿಗಿತದ ಚಿನ್ನ ಗೆದ್ದು, ಪೇರಲೆ ಹಲ್ವ ಇಟ್ಟ ಬ್ರೆಡ್ ತಿಂದು ಕೈ ಒರೆಸಿಕೊಂಡು, ತ್ರಿವಿಧ ಜಿಗಿತದ ಚಿನ್ನವನ್ನೂ ಗೆದ್ದಿದ್ದ. ಎರಡೂ ಪದಕ ಕೊರಳಲ್ಲಿ ಕಿಣಿಕಿಣಿ ಅನ್ನಿಸುತ್ತ ಕಬ್ಬಿನ ಲಾರಿ ಹತ್ತಿ ಊರಿಗೆ ಬಂದಿದ್ದ.

ಆಮೇಲೆ ಸಾಂತಿಯಾಗೊ. ಓಡುವ ಮುನ್ನ ಎವೇಲಿಯೊ ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ಬೇಡಿದ. ಕ್ರೀಡಾಂಗಣ ತಾಳ ಹಿಡಿಯಿತು. ತಾಳ ಏರಿತು, ಅವನು ಓಡಿದ, ಹಾರಿದ, ಬಿದ್ದದ್ದು ಮರಳಗುಂಡಿಯ ಆ ಕೊನೆಯಲ್ಲಿ. ಅಷ್ಟು ದೂರ ಯಾರೂ ಬೀಳುವುದಿಲ್ಲವೆಂದು ಅಲ್ಲಿ ಮರಳನ್ನೂ ಸಮ ಮಾಡಿರಲಿಲ್ಲ. ಜನ ಕುಣಿಯತೊಡಗಿದರು. ಕಾಲು ದಾಟಿದರೆ ಗುರುತು ಬೀಳಲೆಂದು ಹಲಗೆಯ ಮುಂದೆ ಹಾಕಿದ್ದ ಮೆತ್ತನೆಯ ಜೇಡಿಯ ಪಟ್ಟಿಯಲ್ಲಿ ಒಂದು ಗೆರೆ ಮೂಡಿತ್ತು, ಉಗುರಿನಷ್ಟು ತೆಳುವಾಗಿ. ಅಬುಂದಿಯೊ ಕೆಂಪು ಎತ್ತಿದ. ಮಾವಿನ ಗೊರಟೆಗಳು ತೂರಿಬಂದವು. ಎಸೆದವರೆಲ್ಲ ಅವನ ಊರಿನವರೇ.

ಎವೇಲಿಯೊ ಏದುಸಿರು ಬಿಡುತ್ತ ಬಂದು ಅವನ ಪಕ್ಕದಲ್ಲೇ ಮಂಡಿಯೂರಿ ಆ ಗೆರೆ ನೋಡಿದ. "ಒಳ್ಳೇ ಕಣ್ಣು ಕಣಯ್ಯಾ ನಿಂದು," ಎಂದ. "ಇಲ್ಲೇ ಇರು, ಎಲ್ಲೂ ಹೋಗಬೇಡ." ಮುಂದಿನ ಸರದಿಯಲ್ಲಿ ಹಲಗೆಗಿಂತ ಒಂದು ಗೇಣು ಹಿಂದಿನಿಂದಲೇ ಹಾರಿ ಚಿನ್ನ ಗೆದ್ದ. ಫೌಲ್ ಹೌದೆಂದು ಅವನು ಊರಲ್ಲೂ ಹೇಳಿದ, ಮನೆಯಲ್ಲೂ ಹೇಳಿದ. "ನಮ್ಮ ಎವೇಲಿಯೊದು ದೊಡ್ಡ ಮನಸ್ಸು," ಎಂದರೇ ಹೊರತು ಒಬ್ಬರೂ ನಂಬಲಿಲ್ಲ.

•

ಸ್ಮಶಾನದಲ್ಲಿ ಇನ್ನೊಂದು ಪೇಚು. ಎವೇಲಿಯೊನ ಉದ್ದಕ್ಕೆಂದು ಪಟ್ಟಣದಿಂದ ತರಿಸಿದ ಪೆಟ್ಟಿಗೆ ದೊಡ್ಡದು, ಸಿಮೆಂಟಿನ ಸಮಾಧಿಯ ಬಾಯಿ ಅದಕ್ಕೆ ಅಷ್ಟಕ್ಕಷ್ಟೇ. ಗುಂಡಿ ತೋಡುವ ಕೂಕೊ ತಲೆ ಕೆರೆದುಕೊಂಡ. "ತಗಲೇ ತಗಲುತ್ತೆ ಅಮ್ಮಾ. ಅಂಚಿಗೆ ಬಡಿದ್ರೆ ನನ್ನ ಬೈಬೇಡಿ."

ಅಬುಂದಿಯೊ ಮುಂದೆ ಬಂದು ನಿಂತ. ಸೊರೈದಾಳ ಮುಖ ನೋಡಿದ, ಪೆಟ್ಟಿಗೆ ನೋಡಿದ.

"ಆ ಜಿಗಿತ ಫೌಲ್," ಎಂದ.

ನೆಮೆಸಿಯೊ ಬೆನ್ನು ತಿರುಗಿಸಿದ. ಅವನ ಹಿಂದೆ ಅರ್ಧ ಊರೂ ತಿರುಗಿತು. ಸೊರೈದಾ ಕಣ್ಣು ಮುಚ್ಚಿಕೊಂಡಳು.

"ಫೌಲ್! ಆದ್ರೆ ಎಂಥಾ ಜಿಗಿತ ಕಣ್ರೋ!" ಅಬುಂದಿಯೊನ ದನಿ ಒಡೆಯಿತು. "ನೀವೆಲ್ಲಾ ಮೇಲೆ ಕೂತು ನೋಡಿದ್ರಿ. ನಾನು ನೆಲದಲ್ಲಿ ಮಂಡಿಯೂರಿದ್ದೆ. ಇವನು ಬರ್ತಿದ್ರೆ ನೆಲ ನಡುಗ್ತಿತ್ತು. ದಾಟಿಹೋದ ರಭಸಕ್ಕೆ ನನ್ನ ಟೋಪಿ ಹಾರಿಹೋಯ್ತು! ಮೊದಲ್ನೇ ಕುಪ್ಪಳಕ್ಕೆ ಮೇಲೆದ್ದೋನು ಇಳೀಲೇ ಇಲ್ಲ, ಇಳೀಲೇ ಇಲ್ಲ... ಇನ್ನು ಇವನು ಬರಲ್ಲ, ಹಾಗೇ ಹೋಗಿಬಿಟ್ಟ ಅಂದ್ಕೊಂಡೆ. ಕೆಂಪು ಎತ್ತಿದಾಗ ಅಳ್ತಿದ್ದೆ ಕಣ್ರೋ. ಗೊರಟೆ ಬಿದ್ದು ಅಳ್ತಿದ್ದಾನೆ ಅಂದ್ಕೊಂಡ್ರಿ ನೀವು."

ನೆಮೆಸಿಯೊನ ಬೆನ್ನು ಅಲುಗಿತು. ಅವನು ಅರ್ಧ ತಿರುಗಿ, "ಟೋಪಿ ಹಾರಿದ್ದು ನಾನೂ ನೋಡ್ದೆ," ಎಂದು ಗೊಣಗಿದ.

ಅಬುಂದಿಯೊ ಬಾವುಟಗಳನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ತಲೆಯ ಮೇಲೆತ್ತಿ ಚಪ್ಪಾಳೆ ತಟ್ಟಿದ. ಒಂಟಿ ಚಪ್ಪಾಳೆ. ಮತ್ತೊಂದು. ಸೊರೈದಾ ಕೈ ಕೂಡಿಸಿದಳು. ಕೂಕೊನ ಆಳುಗಳು ಹಗ್ಗ ಹಿಡಿದು ಪೆಟ್ಟಿಗೆ ಎತ್ತುವ ಹೊತ್ತಿಗೆ ನೆಮೆಸಿಯೊ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ತಾಳ ಏರಿತು. ಗೋಡೆಯಾಚೆ ಕಟ್ಟಿದ ಕುದುರೆಗಳು ಬೆದರಿ ಕೆನೆದವು.

ಪೆಟ್ಟಿಗೆ ಸಮಾಧಿಯ ಬಾಯಿಗೆ ಬಂದಾಗ ಅಬುಂದಿಯೊ ಮುದಿ ಮಂಡಿಯೂರಿ, ಕೆನ್ನೆಯನ್ನು ಸಿಮೆಂಟಿಗೆ ತಾಗಿಸಿ, ಅಂಚಿನ ಮೇಲೆ ಕಣ್ಣಿಟ್ಟ. ಚಪ್ಪಾಳೆ ತಾನಾಗಿ ನಿಂತಿತು. ಹಗ್ಗ ಕಿರುಗುಟ್ಟಿತು. ತಲೆಯ ಕಡೆ ಇಳಿಯಿತು, ಕಾಲಿನ ಕಡೆ ಬಂತು, ಹಾಗೇ ಕೆಳಗೆ ಹೋಯಿತು. ಬಡಿದ ಸದ್ದು ಕೇಳಿಸಲಿಲ್ಲ. ಆದರೂ ಎಲ್ಲರೂ ಉಸಿರು ಬಿಡದೆ ಅಬುಂದಿಯೊನನ್ನೇ ನೋಡುತ್ತಿದ್ದರು.

ಅವನು ಅಂಚಿನ ಉದ್ದಕ್ಕೂ ಬೆರಳಾಡಿಸಿ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಕೂಕೊನ ಭುಜ ಹಿಡಿದು ಎದ್ದು ನಿಂತು, ಸೊಂಟದಿಂದ ಬಿಳಿ ಬಾವುಟವನ್ನು ಎಳೆದು ಮೇಲೆತ್ತಿದ.