ಲಾಂಚಿನಲ್ಲಿ ಹೇಳಿದ ಮಾತು

ಬ್ಯಾನರನ್ನು ಅಮ್ಮ ಪೂರ್ತಿ ಓದಿದಳು. ‘ದತ್ತು ಪೋಷಕರಿಗೆ ಮತ್ತು ಕಾರ್ಯಕರ್ತರಿಗೆ ಒಂದು ದಿನದ ತರಬೇತಿ.’ ಓದುವಾಗ ತುಟಿಗಳು ಅಲುಗಿದವು. ಪೂರ್ಣೇಶ ಅವಳ ಮುಖವನ್ನೇ ನೋಡುತ್ತ ನಿಂತ. ಈಗ ಕೇಳುತ್ತಾಳೆ. ಕೇಳಲಿ.

“ಒಳಗೆ ಫ್ಯಾನ್ ಇದ್ಯನಾ?” ಎಂದಳು ದುಗ್ಗಮ್ಮ.

“ಇದೆ.”

“ಹಂಗಾದ್ರೆ ಅದರ ಕೆಳಗೇ ಕೂರ್ತೀನಿ.”

ಅಷ್ಟೆ. ಚಪ್ಪಲಿ ಬಾಗಿಲ ಬಳಿ ಬಿಟ್ಟು, ಮದುವೆ ಮನೆಗೆ ಬಂದವಳಂತೆ ಒಳಗೆ ಹೋದಳು.

ಪೂರ್ಣೇಶ ತೀರ್ಥಹಳ್ಳಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾನೆ. ಮೂವತ್ತು ದಾಟಿದೆ. ತಾನು ಈ ಮನೆಯಲ್ಲಿ ಹುಟ್ಟಿದವನಲ್ಲ ಎಂದು ಗೊತ್ತಾಗಿದ್ದು ಹೈಸ್ಕೂಲಿನಲ್ಲಿದ್ದಾಗ, ಯಾರದೋ ಮದುವೆಯ ಪಂಕ್ತಿಯಲ್ಲಿ. ಬಡಿಸುತ್ತಿದ್ದ ನೆಂಟನೊಬ್ಬ, “ಹೂವಪ್ಪ ತಂದು ಸಾಕಿದ ಹುಡ್ಗ ಇವನೇ ಅಲ್ವಾ? ಜಾಣ ಇದಾನೆ ಬಿಡು,” ಎಂದಿದ್ದ. ಪಕ್ಕದ ಎಲೆಯಲ್ಲೇ ಕೂತಿದ್ದ ಅಮ್ಮನಿಗೂ ಅದು ಕೇಳಿಸಿತ್ತು. ಅವಳು ತಲೆ ಎತ್ತದೆ, “ಇವನಿಗೆ ಇನ್ನೊಂದು ಹೋಳಿಗೆ ಹಾಕು,” ಎಂದಳು. ನೆಂಟ ಹಾಕಿದ. ಪೂರ್ಣೇಶ ತಿಂದ.

ಆಮೇಲೆ ಆ ಮಾತು ಮನೆಯಲ್ಲಿ ಬರಲೇ ಇಲ್ಲ. ಹೋದ ವರ್ಷ ಆಸ್ಪತ್ರೆಯ ಮಂಚದಲ್ಲಿ ಅಪ್ಪ ಹೂವಪ್ಪ ಏನೋ ಹೇಳಲು ಕೈ ಎತ್ತಿದ್ದ. ಪೂರ್ಣೇಶ ಬಗ್ಗಿ ಕಿವಿ ಕೊಟ್ಟ. “ಕಿಟಕಿ ಹಾಕು,” ಎಂದ ಅಪ್ಪ. ಎರಡು ದಿನಕ್ಕೆ ತೀರಿಕೊಂಡ.

ಸಾಗರದ ಈ ದತ್ತು ಸಂಸ್ಥೆಗೆ ಪೂರ್ಣೇಶ ತಾನಾಗಿಯೇ ಫೋನು ಮಾಡಿದ್ದ. ಅಲ್ಲಿನ ಆಪ್ತ ಸಮಾಲೋಚಕಿ ಸಿಂಚನಾ ಹಿಗ್ಗಿಹೋದಳು. “ಸರ್, ದೊಡ್ಡವರಾದ ದತ್ತು ಮಕ್ಕಳು ಮಾತಾಡೋಕೆ ಸಿಗೋದೇ ಇಲ್ಲ. ನೀವು ಸುಮ್ನೆ ಬಂದು ನಿಂತ್ರೂ ಸಾಕು.” ಅಂದಿನಿಂದ ಅವನಿಗೆ ಒಂದು ಥರದ ಜ್ವರ, ಹಿತವಾದ ಜ್ವರ. ಸ್ನಾನ ಮಾಡುತ್ತ ಭಾಷಣ ಅಭ್ಯಾಸ ಮಾಡಿದ. ಸಾಗರದಲ್ಲಿ ಒಂದು ಭಾಷಣ ಇದೆ ಎಂದಷ್ಟೇ ಅಮ್ಮನಿಗೆ ಹೇಳಿದ್ದ. “ನಾನೂ ಬತ್ತೀನಿ,” ಎಂದುಬಿಟ್ಟಳು. ಒಂದು ಕ್ಷಣ ಬೇಡವೆನ್ನಲು ಬಾಯಿ ತೆರೆದ. ಮರುಕ್ಷಣ ಕುಣಿಯುವಂತಾಯಿತು. ಒಳ್ಳೆಯದೇ ಆಯಿತು! ಅವಳ ಎದುರಿಗೇ ಆ ಪಂಕ್ತಿಯ ಮಾತು ಹೇಳಿಬಿಟ್ಟರೆ ಮುಗಿಯಿತು; ಆಮೇಲೆ ಇಬ್ಬರೂ ಮಾತಾಡಲೇಬೇಕು. ಅವನಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಯಾವ ಊರು, ಹೆತ್ತವರು ಯಾರು. ಅಷ್ಟೆ.

ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಮಗುವಿಗಾಗಿ ಕಾಯುತ್ತಿರುವ ದಂಪತಿಗಳು, ಫಲಿತಾಂಶಕ್ಕೆ ಕಾದವರಂತೆ ನೆಟ್ಟಗೆ ಕೂತಿದ್ದರು. ಹಿಂದೆ ನರ್ಸುಗಳು, ಅಂಗನವಾಡಿ ಕಾರ್ಯಕರ್ತೆಯರು. “ಮಗುವಿಗೆ ಚಿಕ್ಕಂದಿನಲ್ಲೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾಗಬಾರದು,” ಎಂದು ಸಿಂಚನಾ ವಿವರಿಸುತ್ತಿದ್ದಳು. ಅಮ್ಮ ತಲೆದೂಗಿದಳು. ಪೂರ್ಣೇಶನಿಗೆ ನಗು ಬಂತು, ತಡೆದುಕೊಂಡ. ಅವನ ಹೆಸರು ಕರೆದರು.

“ನನ್ನನ್ನು ದತ್ತು ತೆಗೆದುಕೊಂಡಿದ್ದು,” ಎಂದ. ಆ ಶಬ್ದ ಮೈಕಿನಿಂದ ಹೊರಟು ಹಿಂದಿನ ಗೋಡೆಗೆ ತಾಗಿ ವಾಪಸು ಬಂತು. ಫ್ಯಾನಿನ ಕೆಳಗೆ ಅಮ್ಮ ಸೆರಗು ಸರಿಮಾಡಿಕೊಂಡಳು. ಮುಂದಿನ ವಾಕ್ಯ ಮದುವೆಯ ಪಂಕ್ತಿಯದು. ಬಾಯಿಯ ತನಕ ಬಂದಿತ್ತು. ಆದರೆ ಮುಂದಿನ ಸಾಲಿನ ಹೆಂಗಸೊಬ್ಬಳು ತುಸು ಬಾಯಿ ತೆರೆದು ಅವನನ್ನೇ ನೋಡುತ್ತಿದ್ದಳು. ಎಲ್ಲರೂ ಹಾಗೇ ನೋಡುತ್ತಿದ್ದರು. ಅವರು ಕೇಳಲು ಬಂದದ್ದು ಹೋಳಿಗೆಯ ಕಥೆಯನ್ನಲ್ಲ.

“ನನಗೆ ಅದನ್ನು ಹೇಳಿದ್ದು ನಮ್ಮಮ್ಮ,” ಎಂದ ಪೂರ್ಣೇಶ.

ಆಮೇಲೆ ತಡೆಯೇ ಇರಲಿಲ್ಲ. ಆಗ ಸಿಗಂದೂರಿನ ದೇವಿಯ ಗುಡಿಗೆ ಸೇತುವೆ ಎಲ್ಲಿತ್ತು, ಹಿನ್ನೀರು ದಾಟಲು ಲಾಂಚು. ತಾನಿನ್ನೂ ಚಿಕ್ಕವನು, ಅಮ್ಮನ ತೊಡೆಯ ಮೇಲೆ ಕೂತಿದ್ದ. ನೀರಿನ ನಡುವೆ ಬಂದಾಗ ಅಮ್ಮ ಎರಡೂ ಕಡೆ ಕೈ ತೋರಿಸಿದಳು. ಆ ದಡದಲ್ಲಿ ಒಬ್ಬಳು ನಿನ್ನ ಹೆತ್ತಳು. ಈ ದಡದಲ್ಲಿ ನಾನು ಕಾಯ್ತಾ ನಿಂತಿದ್ದೆ. ನೀನು ನೀರು ದಾಟಿ ಬಂದೆ.

ಯಾರೋ ಮೂಗು ಒರೆಸಿಕೊಂಡರು. ಪೂರ್ಣೇಶನಿಗೆ ರೋಮಾಂಚನವಾಯಿತು. ತರಗತಿಯಲ್ಲಿ ಒಂದು ದಿನವೂ ಹೀಗೆ ಮಾತಾಡಿದ್ದಿಲ್ಲ. ಇಷ್ಟು ಚೆಂದದ ಸುಳ್ಳು ತನ್ನೊಳಗೆ ಎಲ್ಲಿತ್ತು?

ಮುಂದಿನ ಸಾಲಿನ ಆ ಹೆಂಗಸಿನ ಗಂಡ ಎದ್ದು ನಿಂತ. ಹೊಸನಗರದ ಬಾಲು, ಹೆಂಡತಿ ಲಿಖಿತಾ ಎಂದು ಪರಿಚಯ ಹೇಳಿಕೊಂಡ. “ಹೇಳೋದು ಬೇಡ ಅಂತಾರೆ ಸರ್ ನಮ್ಮಪ್ಪ. ಗೊತ್ತಾದ್ರೆ ಮಗು ನಮ್ಮದಾಗಿ ಉಳಿಯಲ್ವಂತೆ.”

“ನಾನು ಉಳಿದಿದೀನಲ್ಲ!”

ಚಪ್ಪಾಳೆ ಬಿತ್ತು. ಲಿಖಿತಾ ಅತ್ತಿತ್ತ ನೋಡಿದಳು. “ನಿಮ್ಮಮ್ಮ ಬಂದಿದಾರಾ ಸರ್?” ಪೂರ್ಣೇಶ ಫ್ಯಾನಿನ ಕಡೆ ಕೈ ಮಾಡಿದ. ಎಲ್ಲರೂ ತಿರುಗಿದರು. “ಅಷ್ಟು ಧೈರ್ಯ ಹೆಂಗೆ ಬಂತಮ್ಮಾ ನಿಮಗೆ?” ಎಂದಳು ಲಿಖಿತಾ.

ಅಮ್ಮನ ಕೈಗೆ ಮೈಕು ಬಂತು. ಪೂರ್ಣೇಶ ಅವಳ ತುಟಿಗಳನ್ನೇ ನೋಡಿದ. ಇವ ಸುಳ್ಳು ಹೇಳ್ತಿದಾನೆ ಎನ್ನುತ್ತಾಳೆ. ಅನ್ನಲಿ. ಮಾನ ಹೋದರೂ ಸರಿ, ಮಾತು ಶುರುವಾಗುತ್ತದೆ. ಅವನಿಗೆ ಹೆದರಿಕೆಗಿಂತ ಆಸೆಯೇ ಹೆಚ್ಚಾಗಿತ್ತು.

“ಧೈರ್ಯ ಎಂತದು ಮಾರಾಯ್ತಿ,” ಎಂದಳು ದುಗ್ಗಮ್ಮ. “ಹೇಳ್ಬೇಕಿತ್ತು, ಹೇಳ್ದೆ. ಅವತ್ತು ಇವನ ಕೈಲಿ ಕಡ್ಲೆಕಾಯಿ ಪೊಟ್ಣ ಇತ್ತು. ನಾ ಹೇಳಿ ಮುಗಿಸೋದ್ರೊಳಗೆ ಅರ್ಧ ನೀರಿಗೆ ಚೆಲ್ಲಿದ್ದ. ಆಮೇಲೆ ಎಂತ ಕೇಳ್ದ ಗೊತ್ತನಾ? ‘ಆ ದಡದ ಅಮ್ಮಂಗೂ ಒಂಚೂರು ಕೊಡಣಾ?’ ಅಂತ!”

ಸಭೆ ನಕ್ಕಿತು, ಅತ್ತಿತು. ಲಿಖಿತಾ ಓಡಿ ಬಂದು ಅಮ್ಮನ ಕಾಲಿಗೆ ಬಿದ್ದಳು. ಬಾಲು ಆಗಲೇ ಜಗಲಿಯಲ್ಲಿ ನಿಂತು ಫೋನಿನಲ್ಲಿ ಕೂಗುತ್ತಿದ್ದ: “ಇಲ್ಲಪ್ಪಾ, ಮಗು ಬಂದ್ಮೇಲೆ ಹೇಳೇ ಹೇಳ್ತೀವಿ. ಮುಗೀತು!” ಮುಂದಿನ ತಿಂಗಳು ಶಿವಮೊಗ್ಗದ ತರಬೇತಿಗೂ ತಾಯಿ ಮಗ ಒಟ್ಟಿಗೇ ಬರಬೇಕೆಂದಳು ಸಿಂಚನಾ.

“ಬತ್ತೀವಿ, ಬತ್ತೀವಿ,” ಎಂದಳು ಅಮ್ಮ, ಪೂರ್ಣೇಶ ಬಾಯಿ ತೆರೆಯುವ ಮೊದಲೇ.

ಹೊರಗೆ ಬಂದ ಮೇಲೆ ಅವಳ ನಡಿಗೆಯೇ ಬೇರೆಯಾಗಿತ್ತು. ಮಂಡಿನೋವು ಎಲ್ಲಿ ಹೋಯಿತೋ. “ಸಿಗಂದೂರಿಗೆ ಹೋಗಿ ಕೈಮುಗ್ದು ಬರಣ. ಈಗ ಸೇತುವೆ ಆಗಿದ್ಯಲ್ಲ, ಎಷ್ಟು ಹೊತ್ತು?” ಅಂತೂ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತು ಶಿವಮೊಗ್ಗಕ್ಕೆ ಯಾವ ಸೀರೆ ಉಡಬೇಕೆಂದು ಅವಳು ಕೇಳುತ್ತಲೇ ಇದ್ದಳು.

“ಅಮ್ಮ, ನಾವು ಸಿಗಂದೂರಿಗೆ ಮೊದಲು ಹೋಗಿದ್ದು ನಾನು ಕಾಲೇಜಿಗೆ ಸೇರಿದ್ಮೇಲೆ.”

“ಹಂಗಾ? ನಿಂಗೆ ಮರ್ತಿರ್ಬೇಕು. ಸಣ್ಣವ ಇದ್ದೆ.”

ಅವಳ ಮುಖದಲ್ಲಿ ಸುಳ್ಳನ್ನು ಹುಡುಕಿದ. ಇರಲಿಲ್ಲ. ಸಂತೋಷವಿತ್ತು, ನಿಜವಾದದ್ದು. ಕಣ್ಣು ಮುಚ್ಚಿದರೆ ಅವನಿಗೂ ಕಡಲೆಕಾಯಿ ಪೊಟ್ಟಣ ಕಾಣಿಸತೊಡಗಿತ್ತು. ಹಳೆಯ ಪೇಪರಿನದು, ತುದಿ ಒದ್ದೆಯಾದದ್ದು. ಗಾಬರಿಯಾಗಿ ಕಣ್ಣು ಬಿಟ್ಟ.

“ಅಮ್ಮ,” ಎಂದ. “ನನ್ನ ಎಲ್ಲಿಂದ ತಂದಿದ್ದು?”

ದುಗ್ಗಮ್ಮ ತಿರುಗಿ ನೋಡಿ ನಕ್ಕಳು. ಅವನ ಮೊಣಕಾಲಿನ ಮೇಲೆ ಮೆಲ್ಲನೆ ಹೊಡೆದಳು.

“ಅಷ್ಟು ಜನರ ಎದುರಿಗೇ ಹೇಳ್ದೆನಲ್ಲ ಮಾರಾಯ. ಇನ್ನೆಷ್ಟು ಸಲ ಹೇಳ್ಲಿ?”

ಬಸ್ಸು ಸೇತುವೆ ಏರಿತು. ಎರಡೂ ಕಡೆ ನೀರು. ಅಮ್ಮ ಮುಂದಿನ ಸೀಟಿನ ಮುದುಕಿಯ ಭುಜ ಮುಟ್ಟಿದಳು. “ಇಲ್ಲೇ ನೋಡಿ, ಲಾಂಚ್ ಇದ್ದಾಗ, ನಾನು ಇವನಿಗೆ...” ಶುರುವಾಯಿತು. ಅವಳ ದನಿ ಏರಿದಂತೆ ಒಬ್ಬೊಬ್ಬರೇ ತಿರುಗಿದರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನೂ ನಿಂತ.

“ಯಾವ ಜಾಗದಲ್ಲಿ ಅಮ್ಮಾ?” ಎಂದು ಯಾರೋ ಕೇಳಿದರು.

ಅಮ್ಮ ಕಿಟಕಿಯಾಚೆ ಕೈ ಚಾಚಿದಳು. ನೀರು ಇಳಿದಿತ್ತು. ಮುಳುಗಡೆಯಾದ ಕಾಡಿನ ಮರವೊಂದು ತೊಗಟೆಯಿಲ್ಲದೆ, ಕೊಂಬೆಯಿಲ್ಲದೆ, ಬಿಳಿಚಿಕೊಂಡು ನೀರಿನಿಂದ ಮೇಲೆದ್ದು ನಿಂತಿತ್ತು.

“ಆ ಮರದ ಹತ್ರನಾ?”

“ಹೌದು, ಅಲ್ಲೇ. ಅದೇ ಮರ.”

ಮುದುಕಿ ಮರಕ್ಕೆ ಕೈ ಮುಗಿದಳು. ಅವಳನ್ನು ನೋಡಿ ಇನ್ನೊಬ್ಬರು ಮುಗಿದರು. ಸರಿಯಾಗಿ ಕಾಣಲೆಂದು ಪೂರ್ಣೇಶ ಅಮ್ಮನ ಮೇಲೆ ಬಾಗಿ ಕತ್ತು ಚಾಚಿದ. ಅವನ ಕೈಗಳೂ ಕೂಡಿಕೊಂಡಿದ್ದವು. ಬಸ್ಸಿನ ತುಂಬ ಜನ ಕೈಮುಗಿದು ನೋಡುತ್ತಿದ್ದಂತೆ, ಸತ್ತ ಮರ ನಿಧಾನ ಹಿಂದಕ್ಕೆ ಸರಿಯಿತು.