ಅಂಗುಲಕ್ಕೆ ಎಂಟು ಕುಣಿಕೆ

ಕಿಟಕಿಯ ಕೆಳಗೆ ಒಂದು ಉದ್ದನೆಯ ಮೇಜು. ಮೇಜಿನ ಮೇಲೆ ಪಾದದ ಆಕಾರಕ್ಕೆ ಕೊಯ್ದ ತೆಳುವಾದ ಹಲಗೆ. ಅದಕ್ಕೆ ಬೂದುಬಣ್ಣದ ಕಾಲುಚೀಲವೊಂದನ್ನು ತೊಡಿಸಿ ಒಣಗಲು ಬಿಟ್ಟಿದೆ. ಹಿಮ್ಮಡಿ ತಿರುಗುವಲ್ಲಿ ಎರಡು ಸಾಲು ನೀಲಿ, ತಡವಾಗಿ ನೆನಪಾದ ಮಾತಿನಂತೆ, ಬಂದು ನಿಂತಿದೆ. ಪಕ್ಕದಲ್ಲಿ ಇಟ್ಟಿಗೆಗೆಂಪಿನ ಫೆಲ್ಟ್ ಚೀಲ; ಇನ್ನೂ ಹಸಿಯಾಗಿರುವುದರಿಂದ ಆಕಾರ ಕೆಡದಿರಲೆಂದು ಅದರ ಹೊಟ್ಟೆಗೆ ಹಳೆಯ ಪತ್ರಿಕೆಗಳನ್ನು ತುರುಕಿದೆ. ಬಾಯಿಯಿಂದ ಯಾವುದೋ ಸುದ್ದಿಯ ಅರ್ಧ ತಲೆಬರಹ ಇಣುಕುತ್ತಿದೆ. ಒಂದು ಉಕ್ಕಿನ ಅಳತೆಪಟ್ಟಿ, ಚೌಕುಳಿ ಹಾಳೆಗಳ ಪುಸ್ತಕ, ಎರಡು ತುದಿಯೂ ಮೊನಚಾದ ಐದು ಕಡ್ಡಿಗಳು. ಬೆಳಗಿನ ಹತ್ತು ಗಂಟೆಯ ಬಿಸಿಲು ಓರೆಯಾಗಿ ಬೀಳುತ್ತಿದೆ. ಚೀಲದ ಮೇಲೆ ಬಿದ್ದ ಬೆಳಕು ಎಲ್ಲಿಯೂ ಸಿಕ್ಕಿಕೊಳ್ಳದೆ ಜಾರಿಹೋಗುತ್ತದೆ. ಕಾಲುಚೀಲದ ಮೇಲೆ ಬಿದ್ದದ್ದು ಪ್ರತಿಯೊಂದು ಕುಣಿಕೆಯಲ್ಲೂ ಅರೆಕ್ಷಣ ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋಗುತ್ತದೆ.

ಆ ಮೇಜಿನ ಎರಡು ತುದಿಗಳಲ್ಲಿ ಅಕ್ಕ ಮತ್ತು ನಾನು ನಲವತ್ತು ವರ್ಷ ಕುಳಿತಿದ್ದೆವು.

ಭಾವ ತೀರಿಕೊಂಡಾಗ ಅಕ್ಕನಿಗೆ ಮೂವತ್ತೊಂದು. ಒಂದು ಪೆಟ್ಟಿಗೆ ಬಟ್ಟೆ, ಒಂದು ಡಬ್ಬಿ ಕಡ್ಡಿ ಹಿಡಿದುಕೊಂಡು ನನ್ನ ಮನೆಗೆ ಬಂದಳು. ನಾನು ಮದುವೆಯಾದವನಲ್ಲ. ಆಗ ಒಂದು ಮುದ್ರಣಾಲಯದಲ್ಲಿ ಗೆರೆ ಎಳೆಯುವ ಕೆಲಸ ಮಾಡುತ್ತಿದ್ದೆ. ಅವಳು ಹೆಣೆದದ್ದನ್ನು ನೋಡಿ ನಾನು ಚೌಕುಳಿ ಹಾಳೆಯ ಮೇಲೆ ಹೊಸ ಹೊಸ ವಿನ್ಯಾಸ ಬರೆಯತೊಡಗಿದೆ. ನಾನು ಬರೆದದ್ದನ್ನು ನೋಡಿ ಅವಳು ಹೆಣೆಯತೊಡಗಿದಳು. ಯಾರು ಯಾರನ್ನು ಅನುಸರಿಸಿದರೆಂದು ಈಗ ಹೇಳುವುದು ಕಷ್ಟ. ಕಾಲುಚೀಲ ಅವಳದು. ಫೆಲ್ಟ್ ಚೀಲ ನನ್ನದು: ಬೇಕಾದ ಅಳತೆಗಿಂತ ಹೆಚ್ಚುಕಡಿಮೆ ಇಮ್ಮಡಿ ದೊಡ್ಡದಾಗಿ ಜಾಳುಜಾಳಾಗಿ ಹೆಣೆದು, ಬಿಸಿನೀರು ಸಾಬೂನಿನಲ್ಲಿ ಉಜ್ಜಿ, ಬಡಿದು, ಕುಗ್ಗಿಸಬೇಕು. ಕುಣಿಕೆಗಳೆಲ್ಲ ಒಂದರೊಳಗೊಂದು ಕರಗಿ ಉಣ್ಣೆ ಹಲಗೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಯಾರು ಹೆಣೆದರು, ಹೇಗೆ ಹೆಣೆದರು ಎಂದು ಹೆಣೆದವರಿಗೂ ಗೊತ್ತಾಗುವುದಿಲ್ಲ.

ಆ ಕಾರಣಕ್ಕೇ ಅಕ್ಕನಿಗೆ ಚೀಲದ ಮೇಲೆ ತಾತ್ಸಾರ. ಚೀಲವೆಂದರೆ ತಪ್ಪು ಮುಚ್ಚುವ ವಿದ್ಯೆ, ಅದು ನಿನಗೇ ಸರಿ ಎನ್ನುವಳು. ಹಾಳೆಯ ಮೇಲೆ ಸದಾ ಬಗ್ಗಿರುತ್ತಿದ್ದ ನನಗೆ ಅವಳು ಇಟ್ಟ ಹೆಸರು ಗೆರೆರಾಯ.

"ಕಾಲು ಚೀಲ ಅಂದ್ರೆ ಚೀಲದಲ್ಲಿ ಕಾಲು ಭಾಗ. ನಾನು ನಾಲ್ಕು ಹೆಣೆದ್ರೆ ನಿನ್ನದೊಂದಕ್ಕೆ ಸಮ. ಲೆಕ್ಕ ಸರಿಯಾ, ಗೆರೆರಾಯ?" ಎಂದು ವರ್ಷಕ್ಕೆರಡು ಬಾರಿಯಾದರೂ ಕೇಳುವಳು, ವರ್ಷಕ್ಕೆರಡು ಬಾರಿಯಾದರೂ ನಾನು ನಗುತ್ತಿದ್ದೆ.

ನಮ್ಮ ಕೆಲಸಕ್ಕೊಂದು ಕ್ರಮವಿತ್ತು. ಹೊಸ ನೂಲು ಬಂದಾಗ ಅಕ್ಕ ಅಂಗೈಯಗಲದ ಒಂದು ತುಂಡು ಹೆಣೆದು ನನ್ನ ಕಡೆ ಸರಿಸುತ್ತಿದ್ದಳು. ನಾನು ಅಳತೆಪಟ್ಟಿ ಇಟ್ಟು ಅಂಗುಲಕ್ಕೆ ಎಷ್ಟು ಕುಣಿಕೆ ಎಂದು ಎಣಿಸಿ, ಆರಂಭದ ಕುಣಿಕೆಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಉಂಡೆಗೆ ಸಿಕ್ಕಿಸುತ್ತಿದ್ದೆ. ಅವಳು ಎಣಿಸುತ್ತಿರಲಿಲ್ಲ. ಎಣಿಕೆ ನಿನ್ನದು, ಕೈ ನನ್ನದು ಎಂಬುದು ಅವಳ ಮಾತು. ಅಂಗುಲಕ್ಕೆ ಎಂಟು, ಮೂವತ್ತೆಂಟು ವರ್ಷದಲ್ಲಿ ಅದು ಏಳೂವರೆಯಾದದ್ದಿಲ್ಲ. ಗಂಡಸರ ಪಾದಕ್ಕೆ ಅರವತ್ತನಾಲ್ಕು, ನಾಲ್ಕು ಕಡ್ಡಿಗಳ ಮೇಲೆ ಹದಿನಾರು ಹದಿನಾರು.

ಎರಡು ವರ್ಷದ ಹಿಂದೆ ಒಂದು ತುಂಡು ಎಣಿಸಿದಾಗ ಏಳೂವರೆ ಬಂತು. ಮತ್ತೆ ಎಣಿಸಿದೆ. ತಲೆಯೆತ್ತಿ ಅವಳ ಎಡಗೈ ನೋಡಿದೆ. ನೂಲನ್ನು ಬಿಗಿ ಹಿಡಿಯಬೇಕಾದದ್ದು ಕಿರುಬೆರಳು. ನೂಲು ಅದಕ್ಕೊಂದು ಸುತ್ತು ಬಂದು ಮುಂದೆ ಹೋಗುತ್ತದೆ. ಆ ಬೆರಳಿನ ಗೆಣ್ಣು ಊದಿತ್ತು. ಬೆರಳು ಮಡಚಿದಂತೆ ತೋರುತ್ತಿತ್ತೇ ಹೊರತು ಮಡಚಿರಲಿಲ್ಲ.

ಹೇಳಬಹುದಾಗಿತ್ತು. ತೆಳುವಾದ ಕಡ್ಡಿ ಕೊಟ್ಟು ಸರಿಪಡಿಸಲೂಬಹುದಾಗಿತ್ತು; ಆದರೆ ಕಡ್ಡಿ ಬದಲಾದರೆ ಅವಳ ಬೆರಳಿಗೆ ಆ ಕ್ಷಣವೇ ತಿಳಿಯುತ್ತಿತ್ತು. ತಿಳಿದರೆ ಅಕ್ಕ ಹೆಣಿಗೆ ನಿಲ್ಲಿಸುತ್ತಾಳೆ. ನಿಲ್ಲಿಸಿದರೆ ಈ ಮನೆಯಲ್ಲಿ ಅವಳಿಗೇನಿದೆ? ಅವಳ ನಾದಿನಿ, ಭಾವನ ತಂಗಿ, ಬಂದು ನನ್ನ ಜೊತೆ ಇರು ಎಂದು ವರ್ಷಗಳಿಂದ ಕಾಗದ ಬರೆಯುತ್ತಲೇ ಇದ್ದಳು. ಮೇಜಿನ ಆ ತುದಿ ಬರಿದಾಗುವುದನ್ನು ಊಹಿಸಿಕೊಂಡೆ. ಊಹೆ ಅಲ್ಲಿಂದ ಮುಂದೆ ಹೋಗಲಿಲ್ಲ. ಚೀಟಿಯ ಮೇಲೆ ಅರವತ್ತು ಎಂದು ಬರೆದೆ.

ಇದೇನು ಕಡಿಮೆಯಾಯಿತು ಎಂದು ಕೇಳಿದಳು. ಗಿರಣಿಯವರು ನೂಲನ್ನು ದಪ್ಪ ಮಾಡಿದ್ದಾರೆ ಎಂದೆ. ಅವಳು ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಂದೆರಡು ಸಲ ಹೊಸೆದು ನೋಡಿ, ಗಿರಣಿಯ ಯಜಮಾನ ತಾನು ಹೊಟ್ಟೆ ಬಿರಿಯ ತಿನ್ನುವುದು ಸಾಲದೆ ನೂಲಿಗೂ ತಿನ್ನಿಸುತ್ತಿರಬೇಕು ಎಂದಳು. ಅಂದಿನಿಂದ ಉಂಡೆಗಳ ಮೇಲಿನ, ನೂಲಿನ ದಪ್ಪ ನಮೂದಿಸಿದ ಗಿರಣಿಯ ಪಟ್ಟಿಯನ್ನು ಕಿತ್ತೆಸೆದೇ ಅವಳಿಗೆ ಕೊಡುತ್ತಿದ್ದೆ. ಕಳೆದ ವರ್ಷ ಅಂಗುಲಕ್ಕೆ ಏಳಾಯಿತು. ಚೀಟಿಯಲ್ಲಿ ಐವತ್ತಾರು. ಕಾಲುಚೀಲಗಳು ಅಳತೆಗೆ ಸರಿಯಾಗಿಯೇ ಬರುತ್ತಿದ್ದವು. ಬಿಸಿಲಿಗೆ ಹಿಡಿದಾಗ ಮಾತ್ರ, ಮೊದಲು ಕಾಣದಿದ್ದ ಬೆಳಕು ಆಚೆಯಿಂದ ಈಚೆಗೆ ಕಾಣುತ್ತಿತ್ತು. ನಡುನಡುವೆ ಚೀಲಗಳನ್ನೇ ಅವಳಿಗೆ ಹೆಚ್ಚು ಕೊಡತೊಡಗಿದೆ. ಬಿಸಿನೀರು ಎಲ್ಲವನ್ನೂ ಕ್ಷಮಿಸುತ್ತದೆ. ಅವಳು ಗೊಣಗುತ್ತಲೇ ಹೆಣೆದಳು.

ಹೀಗಿರುವಾಗ ಒಂದು ಬೆಳಿಗ್ಗೆ ಗಡಿಯಾರದವರು ಬಂದರು. ಬೀದಿಯ ಕೊನೆಯಲ್ಲಿ ಅವರ ರಿಪೇರಿ ಅಂಗಡಿ. ಅಕ್ಕ ಹನ್ನೊಂದು ವರ್ಷದ ಹಿಂದೆ ಹೆಣೆದುಕೊಟ್ಟ ಜೋಡಿಯಲ್ಲಿ ಒಂದು ಎಲ್ಲೋ ಕಳೆದುಹೋಗಿತ್ತು. ಉಳಿದ ಒಂಟಿಗೆ ಜೊತೆ ಬೇಕೆಂದು ತಂದಿದ್ದರು. ಪ್ರತಿ ಜೋಡಿಯೊಂದಿಗೆ ಅಕ್ಕ ತೇಪೆಗೆಂದು ಒಂದು ಸಣ್ಣ ಉಂಡೆ ನೂಲು ಕೊಡುವುದು ವಾಡಿಕೆ. ಅದನ್ನೂ ಜೋಪಾನವಾಗಿ ತಂದಿದ್ದರು, ಗಿರಣಿಯ ಪಟ್ಟಿಯ ಸಮೇತ.

ನಾನು ಹಿತ್ತಲ ಕೋಣೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದಿದ್ದೆ. ಮೊಣಕೈವರೆಗೆ ಸಾಬೂನು. ಬಾಗಿಲು ತೆರೆದಿದ್ದರಿಂದ ಎಲ್ಲ ಕೇಳುತ್ತಿತ್ತು. ಗಡಿಯಾರದವರು ಸುಮ್ಮನೆ ಕೂರುವ ಜಾತಿಯವರಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ತಮ್ಮ ಕಾಲುಚೀಲದ ಕುಣಿಕೆಗಳನ್ನು ಎಣಿಸಲು ತೊಡಗಿದರು. ಚಕ್ರದ ಹಲ್ಲು ಎಣಿಸಿ ರೂಢಿಯಾದವರು.

"ಅರವತ್ತನಾಲ್ಕು ಹಲ್ಲು," ಎಂದರು. "ಒಂದೂ ಸವೆದಿಲ್ಲ ನೋಡಿ, ಅಮ್ಮ. ನಮ್ಮ ಗಡಿಯಾರಗಳು ಹೀಗಿದ್ದಿದ್ರೆ ನಾನು ಅಂಗಡಿ ಮುಚ್ಚಬೇಕಾಗ್ತಿತ್ತು."

ನಾನು ಕೈ ಒರೆಸಿಕೊಳ್ಳದೆ ಬಾಗಿಲಿಗೆ ಬಂದೆ. ಅವಳು ಗಡಿಯಾರದವರ ಉಂಡೆಯಿಂದ ಒಂದು ಗೇಣು ನೂಲು ಬಿಚ್ಚಿದ್ದಳು. ತನ್ನ ಮಡಿಲಲ್ಲಿದ್ದ ಉಂಡೆಯಿಂದ ಇನ್ನೊಂದು ಗೇಣು. ಎರಡನ್ನೂ ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ, ಎರಡೂ ತುದಿ ಎಳೆದು ಹುರಿ ಮಾಡಿ, ಕಣ್ಣು ಮುಚ್ಚಿ ಬೆರಳನ್ನು ಆ ಕೂಡಿನ ಮೇಲೆ ಓಡಿಸಿದಳು. ದಪ್ಪ ಬೇರೆಯಾದರೆ ಅಲ್ಲಿ ಮೆಟ್ಟಿಲು ಸಿಗುತ್ತದೆ. ಅವಳ ಬೆರಳು ಹಿಂದಕ್ಕೂ ಮುಂದಕ್ಕೂ ಹೋಯಿತು. ಎಲ್ಲಿಯೂ ನಿಲ್ಲಲಿಲ್ಲ.

ಒಂಬತ್ತು ದಿನ ಬಿಟ್ಟು ಬನ್ನಿ ಎಂದು ಗಡಿಯಾರದವರಿಗೆ ಹೇಳಿದಳು. ಅವರು ಹೋದ ಮೇಲೆ, ನಾನು ಐವತ್ತಾರು ಎಂದು ಬರೆದಿಟ್ಟ ಚೀಟಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದಳು. ಬೈಯಲಿಲ್ಲ. ಕಡ್ಡಿ ತೆಗೆದುಕೊಂಡು, ಬಾಯಿಬಿಟ್ಟು ಎಣಿಸುತ್ತಾ, ಅರವತ್ತನಾಲ್ಕು ಕುಣಿಕೆ ಹಾಕಿದಳು. ನಲವತ್ತು ವರ್ಷದಲ್ಲಿ ಅವಳು ಎಣಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ದಿನಗಳಲ್ಲಿ ನಾವು ಮಾತಾಡಿದ್ದು ಉಪ್ಪು, ಸಾಬೂನು, ಕಿಟಕಿ ಇಷ್ಟರ ಬಗ್ಗೆ ಮಾತ್ರ. ನಾನು ಹಾಳೆಯ ಮೇಲೆ ಏನನ್ನೋ ಗೀಚುತ್ತಾ ಅವಳ ಕಿರುಬೆರಳನ್ನು ಕದ್ದು ನೋಡುತ್ತಿದ್ದೆ. ಅವಳು ಅದನ್ನು ಬಲವಂತವಾಗಿ ಮಡಚುತ್ತಿದ್ದಳು. ಹತ್ತು ಕುಣಿಕೆಗೊಮ್ಮೆ ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ಹೂವು ಬಿರಿಯುವಷ್ಟು ನಿಧಾನವಾಗಿ, ಅಷ್ಟೇ ತಡೆಯಲಾಗದಂತೆ. ಆ ಕಾಲುಚೀಲ ಸರಿಯಾಗಿ ಬರಲಿ ಎಂದು ನಾನು ಆಸೆಪಟ್ಟೆ. ನನ್ನ ಎರಡು ವರ್ಷದ ಎಣಿಕೆಯೇ ತಪ್ಪೆಂದು ಸಾಬೀತಾಗಲಿ, ಅವಳು ನನ್ನನ್ನು ಮೂರ್ಖನೆಂದು ಕರೆಯಲಿ, ಮೇಜಿನ ಆ ತುದಿಯಲ್ಲೇ ಕುಳಿತು ಕರೆಯಲಿ.

ಎಂಟನೆಯ ದಿನ ಮಧ್ಯಾಹ್ನ ಅವಳು ಕೊನೆಯ ಎಳೆ ಸೆಳೆದು, ಹೊಸದನ್ನು ಹಳೆಯದರ ಮೇಲೆ ಹಾಸಿದಳು. ಪಾದದ ಸುತ್ತಳತೆಯಲ್ಲಿ ಒಂದಂಗುಲಕ್ಕೂ ಹೆಚ್ಚು ದೊಡ್ಡದು. ಉದ್ದವೂ ಮೀರಿತ್ತು. ಹಳೆಯದು ಅದರ ಕೆಳಗೆ ಪೂರ್ತಿ ಮುಚ್ಚಿಹೋಯಿತು.

"ಎಷ್ಟು ದಿನದಿಂದ?" ಎಂದು ಕೇಳಿದಳು.

ಎರಡು ವರ್ಷ ಎಂದೆ. ನಿನಗೆ ನೋವಾಗಬಾರದು ಅಂತ, ಎಂದೂ ಸೇರಿಸಿದೆ.

"ನೋವು ಬೆರಳಲ್ಲಿತ್ತು. ನೀನು ಅದನ್ನ ಅಲ್ಲಿಂದೆತ್ತಿ ಬೇರೆ ಕಡೆ ತಂದಿಟ್ಟೆ." ಅವಳ ದನಿ ಏರಲಿಲ್ಲ. "ನೂಲು ಮೊದಲಿನ ಹಾಗೇ ಇದೆ ಅಂತ ಬೆರಳು ಹೇಳ್ತಾನೇ ಇತ್ತು, ಕಣೋ. ನೀನು ದಪ್ಪ ಅಂದೆ. ತಮ್ಮ ಸುಳ್ಳು ಹೇಳ್ತಾನಾ? ಬೆರಳಿಗೇ ಅರಳುಮರಳು ಅಂದ್ಕೊಂಡೆ. ಎರಡು ವರ್ಷ ನನ್ನ ಕೈಯನ್ನೇ ನಾನು ನಂಬಲಿಲ್ಲ."

ಇದನ್ನು ನಾನು ಯೋಚಿಸಿರಲಿಲ್ಲ. ಅವಳ ಬೆರಳು ಬಿಗಿ ಕಳೆದುಕೊಂಡಿತ್ತು, ಸ್ಪರ್ಶವನ್ನು ಕಳೆದುಕೊಂಡಿರಲಿಲ್ಲ. ಉಳಿದಿದ್ದ ಅದೊಂದನ್ನು ಅವಳಿಂದ ಕಸಿದವನು ನಾನು.

"ಹೇಳಿದ್ರೆ ನಾನೇ ನಿಲ್ಲಿಸ್ತಿದ್ದೆ," ಎಂದಳು. "ಒಂದು ಜೋಡಿ ಚೆನ್ನಾಗಿ ಮುಗಿಸಿ, ಇದೇ ಕೊನೇದು ಅಂತ ಗೊತ್ತಿದ್ದು, ನಿಲ್ಲಿಸ್ತಿದ್ದೆ. ಆ ಕೊನೇದು ಯಾವುದು ಅಂತಾನೂ ಈಗ ನನಗೆ ಗೊತ್ತಿಲ್ಲ. ನಿನಗೆ ಗೊತ್ತು."

ನನಗೆ ಗೊತ್ತಿತ್ತು. ಒಬ್ಬ ದಾದಿಗೆ ಹೆಣೆದ ಬಿಳಿಯ ಜೋಡಿ. ಅದನ್ನು ಹೇಳುವ ಬದಲು, ನೀನು ನಿಲ್ಲಿಸಿದರೆ ಹೊರಟುಹೋಗುತ್ತೀಯೆಂದು ಹೆದರಿದೆ ಎಂದೆ. ಅಷ್ಟು ಸಣ್ಣ ವಾಕ್ಯವನ್ನು ಆಡಲು ನನಗೆ ಎರಡು ವರ್ಷ ಹಿಡಿದಿತ್ತು.

ಅಕ್ಕ ಎರಡು ಕಾಲುಚೀಲಗಳನ್ನೂ ಬೇರೆಬೇರೆಯಾಗಿ ಮಡಚಿಟ್ಟಳು. "ಹೋಗ್ತಿರ್ಲಿಲ್ಲ," ಎಂದಳು.

ಮರುದಿನ ಗಡಿಯಾರದವರು ಬಂದರು. ದೊಡ್ಡದಾದುದನ್ನು ತೊಟ್ಟಿಗೆ ಹಾಕಿ ಕುಗ್ಗಿಸಿಕೊಡಲೇ ಎಂದು ನಾನು ಹಿಂದಿನ ರಾತ್ರಿಯೇ ಕೇಳಿದ್ದೆ. ಅವಳು ನನ್ನನ್ನು ನೋಡಿದ ರೀತಿಯಿಂದ ಮತ್ತೆ ಕೇಳಲಿಲ್ಲ. ಅವಳು ಅದನ್ನು ಇದ್ದಂತೆಯೇ ಅವರ ಕೈಗಿಟ್ಟಳು.

"ಜೋಡಿ ಆಗಲಿಲ್ಲ. ನನ್ನ ಕೈ ಸಡಿಲ ಆಗಿದೆ."

ಇಡೀ ಬೀದಿಗೆ ಕೇಳುವಂತೆ ಹೇಳಲಿಲ್ಲ, ಪಿಸುಗುಟ್ಟಲೂ ಇಲ್ಲ. ಇಂದು ಮಂಗಳವಾರ ಎನ್ನುವಂತೆ ಹೇಳಿದಳು. ಗಡಿಯಾರದವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ತಮ್ಮ ಎಡಗಾಲು ಹೇಗೂ ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ, ಅದಕ್ಕೆ ಇದೇ ಸರಿ ಎಂದರು. ಅಲ್ಲಿಯೇ ಬೂಟು ಕಳಚಿ ಹಾಕಿಕೊಂಡರು. ಅದು ಕಣಕಾಲಿನ ಸುತ್ತ ಮಡಿಕೆ ಬಿದ್ದು ಕುಳಿತಿತು. ಅವರು ಅದನ್ನು ಎರಡು ಸಲ ಮೇಲಕ್ಕೆಳೆದುಕೊಂಡು, ನಮಸ್ಕರಿಸಿ, ತುಸು ಜಾಗರೂಕತೆಯಿಂದ ನಡೆದುಹೋದರು.

ನಾದಿನಿಗೆ ಅಕ್ಕ ಯಾವಾಗ ಬರೆದಳೋ ತಿಳಿಯದು. ವಾರದ ನಂತರ ಉತ್ತರ ಬಂತು, ಮತ್ತೆರಡು ದಿನಕ್ಕೆ ಪೆಟ್ಟಿಗೆ ಸಿದ್ಧವಾಯಿತು. ನಾನು ಬಸ್ ನಿಲ್ದಾಣದವರೆಗೆ ಬರುತ್ತೇನೆಂದೆ, ಬೇಡವೆಂದಳು. ಪೆಟ್ಟಿಗೆಯನ್ನು ಬೀದಿಯ ತಿರುವಿನವರೆಗಾದರೂ ಹೊರುತ್ತೇನೆಂದೆ. ಅದಕ್ಕೂ ಬೇಡವೆಂದಳು. ಮುನಿಸಿದ್ದರೆ ಬೈಸಿಕೊಂಡು ಕರಗಿಸಬಹುದಿತ್ತು. ಅವಳು ಮುನಿದಿರಲಿಲ್ಲ. ನನ್ನ ಅಂಗಿಯ ಕಾಲರನ್ನು ಮಗುವಿನದೆಂಬಂತೆ ಸರಿಮಾಡಿದಳು. ತೊಟ್ಟಿಯ ಕೆಲಸ ಮುಗಿದ ಮೇಲೆ ಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ, ಚಳಿಯಲ್ಲಿ ಒಡೆಯುತ್ತದೆ ಎಂದಳು.

"ಅಕ್ಕಾ, ಹೆಣೆಯದಿದ್ರೂ ಇರಬಹುದಲ್ಲ," ಎಂದೆ. "ಸುಮ್ಮನೆ ಕೂತಿರು. ನಾನು ಕೆಲಸ ಮಾಡ್ತೀನಿ, ನೀನು ನೋಡ್ತಿರು."

"ನೋಡ್ತಾ ಕೂತ್ರೆ ನೀನು ಹೇಳೋ ಪ್ರತಿಯೊಂದನ್ನೂ ಎಣಿಸ್ತೀನಿ, ಗೆರೆರಾಯ. ಹವೆ ಚೆನ್ನಾಗಿದೆ ಅಂದ್ರೂ ಕಿಟಕಿಗೆ ಹೋಗಿ ನೋಡ್ತೀನಿ. ಹಾಗೆ ಬದುಕೋದು ನನಗೂ ಬೇಡ, ನಿನಗೂ ಬೇಡ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಪೆಟ್ಟಿಗೆಯ ಹಿಡಿಯ ಸುತ್ತ ಬೆರಳುಗಳು ಒಂದೊಂದಾಗಿ ಮುಚ್ಚಿಕೊಂಡವು, ಕಿರುಬೆರಳು ಹೊರಗುಳಿಯಿತು. ಹೊಸ್ತಿಲ ಬಳಿ ಏನೋ ನೆನಪಾದವಳಂತೆ ನಿಂತಳು.

"ಒಲೆ ಮೇಲೆ ಹಾಲಿಟ್ಟಿದ್ದೆ. ಉಕ್ಕಿಬಿಡುತ್ತೆ, ಹೋಗಿ ನೋಡು."

ನಾನು ಅಡುಗೆಮನೆಗೆ ಓಡಿದೆ. ಒಲೆ ಹೊತ್ತಿರಲಿಲ್ಲ. ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿತ್ತು, ಒಣಗಿಯೂ ಆಗಿತ್ತು. ಅದರ ತಣ್ಣನೆಯ ತಳದ ಮೇಲೆ ನಾನು ಕೈಯಿಟ್ಟು ನಿಂತಿರುವಾಗ ಹೊರಗೆ ಮುಂಬಾಗಿಲು, ಅವಳು ಸದಾ ಹಾಕುತ್ತಿದ್ದಷ್ಟೇ ಮೆಲ್ಲಗೆ, ಮುಚ್ಚಿಕೊಂಡಿತು.